ಮೂಕಿಯಿಂದ ಬಂದ ದಿಗ್ದರ್ಶಕರು

ಹಿರೇಕೆರೂರು ತಾಲ್ಲೂಕಿನ ಅಬಲೂರನ್ನು ಬಲ್ಲವರು ಅಲ್ಲಿಯ ಸೋಮೇಶ್ವರ ಗುಡಿಯನ್ನೂ ಬಲ್ಲರು. ಏಕಾಂತದ ರಾಮಯ್ಯನ ಶಿರಃಪವಾಡವನ್ನು ಅಲ್ಲಿ ಕಲ್ಲಿನಲ್ಲಿ ಕಡೆದಿದ್ದಾರೆ. ಜತೆಗೆ ಚಿಕ್ಕದೊಂದು ಬರಹ. ನಡೆದದ್ದೇನೆಂದು ಅದು ಸೂಚಿಸುತ್ತದೆ, ಉಳಿದುದನ್ನು ಶಿಲ್ಪವೇ ಹೇಳುತ್ತದೆ. ಮೂಕಚಿತ್ರವೆಂದರೇನೆಂದು ವಿದ್ಯಾರ್ಥಿಗಳು ಕೇಳಿದಾಗ ನಾನು ಈ ಶಿಲ್ಪವನ್ನೇ ತೋರಿಸುತ್ತೇನೆ. ಅಲ್ಲಿಯೂ ನಡುನಡುವೆ ನಾಲ್ಕು ಮಾತಿನ ಫಲಕ. ಮಿಕ್ಕದ್ದೆಲ್ಲ ನಟರ ಮುಖಕ್ಕೂ ಮೈಗೂ ಬಿಟ್ಟದ್ದು.

ಈ ವಿದ್ಯೆಯಲ್ಲಿ ಪಳಗಿದವರು ವೈ. ವಿ. ರಾವ್. 1903ರಲ್ಲಿ ನೆಲ್ಲೂರಿನಲ್ಲಿ ಹುಟ್ಟಿದ ಇವರು ಮೊದಲು ಮೂಕಚಿತ್ರಗಳಲ್ಲಿ ನಟಿಸಿ, ಬಳಿಕ 1930ರಲ್ಲಿ ‘ಪಾಂಡವ ನಿರ್ವಾಣ’, 1932ರಲ್ಲಿ ‘ಹರಿಮಾಯಾ’ ಮೊದಲಾದ ಮೂಕಿಗಳನ್ನು ದಿಗ್ದರ್ಶಿಸಿದರು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಹೊಣೆಯೂ ಇವರದೇ ಆಯಿತು. ಕೊಲ್ಲಾಪುರದ ಛತ್ರಪತಿ ಸಿನೆಟೋನಿನಲ್ಲಿ ತಯಾರಾದ ಆ ಚಿತ್ರ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು.

‘ಸತಿ ಸುಲೋಚನ’ ಕಂಪನಿ ನಾಟಕದ ಕೂಸೆಂಬ ಮಾತುಂಟು. ಅದು ಅರ್ಧ ಸತ್ಯ. ರಾವಣನಾಗಿದ್ದ ಆರ್. ನಾಗೇಂದ್ರರಾಯರು, ಇಂದ್ರಜಿತುವಾಗಿದ್ದ ಸುಬ್ಬಯ್ಯ ನಾಯ್ಡು ಅವರು ರಂಗಭೂಮಿಯವರು. ಮಾತು, ಹಾಡು ಬರೆದ ಬೆಳ್ಳಾವೆ ನರಹರಿಶಾಸ್ತ್ರಿಗಳೂ ನಾಟಕಕಾರರೇ. ಆದರೆ ಅವರನ್ನೆಲ್ಲ ನಡೆಸಿದವರಿಗೆ ಮಾತಿಲ್ಲದೆ ಕಥೆ ಹೇಳಿ ಅಭ್ಯಾಸವಿತ್ತು. ಮಾತಿನ ಹಂಗಿಲ್ಲದೆ ಕಲಿತದ್ದರಿಂದಲೇ, ನನ್ನ ಎಣಿಕೆಯಲ್ಲಿ, ಮುಂದೆ ಅವರಿಗೆ ಭಾಷೆಯ ಗಡಿ ಅಡ್ಡ ಬರಲಿಲ್ಲ. 1937ರಲ್ಲಿ ತಮಿಳಿನ ‘ಚಿಂತಾಮಣಿ’, 1939ರಲ್ಲಿ ತೆಲುಗಿನ ‘ಮಳ್ಳೀ ಪೆಳ್ಳಿ’ ಅವರ ಕೈಯಿಂದಲೇ ಬಂದವು. ನಮ್ಮ ಚಿತ್ರಕ್ಕೆ ನಾಟಕದವರು ಬಾಯಿ ಕೊಟ್ಟರೆ, ಮೂಕಿಯವರು ಕಣ್ಣು ಕೊಟ್ಟರು. ಚರಿತ್ರೆ ಬರೆಯುವಾಗ ನಾವು ಬಾಯನ್ನಷ್ಟೇ ನೆನೆಯುತ್ತೇವೆ.

ಎರಡರಲ್ಲಿ ಯಾವುದು ಮೇಲಾಯಿತೆಂಬುದನ್ನು ಚಿತ್ರವನ್ನು ನೋಡಿಯೇ ಹೇಳಬೇಕು. ನೋಡುವುದೆಂತು? ಅದರ ಪ್ರತಿಯೇ ಉಳಿದಿಲ್ಲ. ಮೊದಲ ವಾಕ್ಚಿತ್ರದ ಪಾಠ ಹೇಳುವ ನಾನು ಅದರ ಒಂದು ಮಾತನ್ನೂ ಕೇಳಿಲ್ಲ. ನನ್ನ ಪಾಲಿಗೆ ಅದೂ ಮೂಕಿಯೇ.

ಡೆನ್ಮಾರ್ಕಿನ ಕಾರ್ಲ್ ಡ್ರೆಯರ್ ಎಂಬ ದಿಗ್ದರ್ಶಕರು 1928ರಲ್ಲಿ ಫ್ರಾನ್ಸಿನ ಜೋನಳನ್ನು ಕುರಿತು ತೆಗೆದ ಮೂಕಚಿತ್ರದ ಮೂಲವೂ ಬೆಂಕಿಗೆ ಆಹುತಿಯಾಗಿತ್ತು. ಡ್ರೆಯರ್ ತೀರಿದ್ದು 1968ರಲ್ಲಿ. 1981ರಲ್ಲಿ ನಾರ್ವೆಯ ಮಾನಸಿಕ ಆಸ್ಪತ್ರೆಯೊಂದರಲ್ಲಿ ಒಂದು ಪ್ರತಿ ದೊರೆಯಿತು. ಯಾರೋ ಎಸೆಯದೆ ಇಟ್ಟಿದ್ದರು, ಅಷ್ಟೆ.

1973ರಲ್ಲಿ ತೀರಿಕೊಂಡ ವೈ. ವಿ. ರಾಯರಿಗೆ ಅಂಥ ಭಾಗ್ಯ ಇನ್ನೂ ಬಂದಿಲ್ಲ. ವಾಚಕರಲ್ಲಿ ಯಾರ ಅಟ್ಟದಲ್ಲಾಗಲಿ, ಮುಚ್ಚಿದ ಟಾಕೀಜಿನ ಮೂಲೆಯಲ್ಲಾಗಲಿ ಹಳೆಯ ತಗಡಿನ ಡಬ್ಬಿ ಕಂಡರೆ, ಗುಜರಿಗೆ ಹಾಕುವ ಮೊದಲು ಬಲ್ಲವರಿಗೆ ಒಮ್ಮೆ ತೋರಿಸಿರಿ.