ಮುದಿ ನಾಯಿಯ ತಟ್ಟೆಯಲ್ಲಿ ಮೀನು ಕಡಿಮೆಯಾಗಬೇಕೇ?

ಮಂಗಳೂರಿನ ಮನೆಗಳಲ್ಲಿ ನಾಯಿಯ ಊಟವೆಂದರೆ ಬಹುಕಾಲದಿಂದ ಕುಚ್ಚಲಕ್ಕಿ ಅನ್ನ ಮತ್ತು ಮೀನು. ಬೂತಾಯಿಯನ್ನೋ ಬಂಗುಡೆಯ ತಲೆಯನ್ನೋ ಕೋಳಿ ಅಂಗಡಿಯಿಂದ ತಂದ ಕಾಲು, ಕತ್ತುಗಳನ್ನೋ ಅರಿಶಿನ ಹಾಕಿ ಬೇಯಿಸಿ ಅನ್ನಕ್ಕೆ ಕಲಸುತ್ತಾರೆ. ನಾಯಿಗೆ ಎಂಟೊಂಬತ್ತು ವರ್ಷವಾಗಿ ಮೂತಿ ನರೆಯತೊಡಗಿದಾಗ ಈ ವಾಡಿಕೆ ಬದಲಾಗುತ್ತದೆ. ಮೀನು ಉಷ್ಣ, ಜೀರ್ಣವಾಗದು, ಕಿಡ್ನಿಗೆ ಭಾರ ಎಂದು ಅದನ್ನು ಇಳಿಸಿ, ಮನೆಯ ಹಿರಿಯರಿಗೆ ಕೊಡುವಂತೆಯೇ ಮೆತ್ತಗಿನ ಗಂಜಿ, ಮೊಸರನ್ನ, ಹಾಲಲ್ಲಿ ನೆನೆಸಿದ ಬಿಸ್ಕತ್ತು ಕೊಡುತ್ತಾರೆ. ಅನುಕೂಲವಿದ್ದವರು ‘ಸೀನಿಯರ್’ ಎಂದು ಬರೆದ ಪ್ಯಾಕೆಟ್ ತರುತ್ತಾರೆ. ಎರಡರ ಹಿಂದೆಯೂ ನಾಯಿಯ ಮೇಲಿನ ಪ್ರೀತಿಯಿದೆ. ಆದರೆ ಎರಡೂ ಕಡೆ ಊಟವನ್ನು ನಿರ್ಧರಿಸುವುದು ನಾಯಿಯ ವಯಸ್ಸೇ ಹೊರತು ಅದರ ದೇಹವಲ್ಲ. ನನ್ನ ದೃಷ್ಟಿಯಲ್ಲಿ ಹೆಚ್ಚು ಹಾನಿ ಮಾಡುವುದು ಗಂಜಿಯ ವಾಡಿಕೆ. ಏಕೆಂದರೆ ಮುಪ್ಪಿನಲ್ಲಿ ನಾಯಿಗೆ ಯಾವುದು ಹೆಚ್ಚು ಬೇಕೋ ಅದನ್ನೇ ಅದು ತಟ್ಟೆಯಿಂದ ತೆಗೆದುಹಾಕುತ್ತದೆ.

ಲೆಕ್ಕ ಹಾಕಿ ನೋಡೋಣ. ಹದಿನೈದು ಕಿಲೋ ತೂಕದ, ಓಡಾಟ ಕಡಿಮೆಯಾದ ನಾಯಿಗೆ ದಿನಕ್ಕೆ ಸುಮಾರು 700 ಕಿಲೋ ಕ್ಯಾಲೊರಿ ಸಾಕು. ಅಷ್ಟನ್ನೂ ಅನ್ನದಿಂದಲೇ ತುಂಬಿಸಿದರೆ ಅರ್ಧ ಕಿಲೋಗಿಂತ ಹೆಚ್ಚು ಅನ್ನ ಬೇಕು, ಅದರಲ್ಲಿ ಸಿಗುವ ಪ್ರೋಟೀನ್ 15 ಗ್ರಾಂ ಆಸುಪಾಸು. ಪ್ರಾಣಿ ಆಹಾರಕ್ಕೆ ಮಾನದಂಡ ರೂಪಿಸುವ ಅಮೆರಿಕದ ಆಫ್ಕೋ ಸಂಸ್ಥೆಯ ಪ್ರಕಾರ ವಯಸ್ಕ ನಾಯಿಗೆ ಪ್ರತಿ 1000 ಕಿಲೋ ಕ್ಯಾಲೊರಿಗೆ ಕನಿಷ್ಠ 45 ಗ್ರಾಂ ಪ್ರೋಟೀನ್ ಇರಬೇಕು. ಅಂದರೆ ನಮ್ಮ ನಾಯಿಗೆ 31 ಗ್ರಾಂ. ಗಂಜಿ ಅದರ ಅರ್ಧವನ್ನಷ್ಟೇ ಕೊಟ್ಟಿತು. ಮುಪ್ಪಿನಲ್ಲಿ ಸ್ನಾಯು ತಾನಾಗಿಯೇ ಕರಗುತ್ತದೆ. ಹಿಂಗಾಲಿನ ತೊಡೆ ಸೊರಗುತ್ತದೆ, ಬೆನ್ನೆಲುಬು ಎದ್ದು ಕಾಣುತ್ತದೆ, ಮೆಟ್ಟಿಲು ಹತ್ತಲು ಆಗದು. ಆ ನಷ್ಟವನ್ನು ತಡೆಯಲು ಕನಿಷ್ಠ ಪ್ರಮಾಣವೂ ಸಾಲದು, ಇನ್ನಷ್ಟು ಬೇಕು. ಅನ್ನವನ್ನು ಅರ್ಧಕ್ಕಿಳಿಸಿ 150 ಗ್ರಾಂನಷ್ಟು ಬೇಯಿಸಿದ ಬಂಗುಡೆಯ ಮಾಂಸ ಸೇರಿಸಿದರೆ ಆ ಒಂದರಿಂದಲೇ ಸರಿಸುಮಾರು 28 ಗ್ರಾಂ ಪ್ರೋಟೀನ್ ಬರುತ್ತದೆ. ಜೊತೆಗೆ ಸಂಧಿನೋವಿಗೆ ಒಳ್ಳೆಯದೆಂದು ಗುಳಿಗೆಯ ರೂಪದಲ್ಲಿ ದುಬಾರಿಯಾಗಿ ಮಾರಾಟವಾಗುವ ಒಮೆಗಾ-3 ಕೊಬ್ಬೂ ಸಿಗುತ್ತದೆ. ದಕ್ಕೆಯಲ್ಲಿ ದಿನವೂ ಬಂದಿಳಿಯುವ ಮೀನು ಮುದಿ ನಾಯಿಗೆ ಹೇಳಿಮಾಡಿಸಿದ ಆಹಾರ.

ಹೆಚ್ಚು ಪ್ರೋಟೀನ್ ಕೊಟ್ಟರೆ ಕಿಡ್ನಿ ಕೆಡುವುದಿಲ್ಲವೇ? ಎಲ್ಲರೂ ಎತ್ತುವ ಆಕ್ಷೇಪ ಇದು, ಗಂಜಿಯ ವಾಡಿಕೆಗೆ ಇರುವ ಮುಖ್ಯ ಆಧಾರವೂ ಇದೇ. ಒಂದು ಕಿಡ್ನಿಯನ್ನು ತೆಗೆದಿದ್ದ ಮುದಿ ನಾಯಿಗಳಲ್ಲಿ ಕೆಲವಕ್ಕೆ ಶೇ. 18ರಷ್ಟು, ಉಳಿದವಕ್ಕೆ ಶೇ. 34ರಷ್ಟು ಪ್ರೋಟೀನ್ ಇರುವ ಆಹಾರವನ್ನು ನಾಲ್ಕು ವರ್ಷ ಕೊಟ್ಟು ನಡೆಸಿದ ಅಮೆರಿಕದ ಅಧ್ಯಯನವೊಂದು 1994ರಲ್ಲಿ ಪ್ರಕಟವಾಯಿತು. ಹೆಚ್ಚು ಪ್ರೋಟೀನ್ ತಿಂದವುಗಳ ಕಿಡ್ನಿ ಅದರಿಂದಾಗಿ ಕೆಟ್ಟದ್ದು ಕಂಡುಬರಲಿಲ್ಲ. ಇದರ ಅರ್ಥ ಕಿಡ್ನಿ ಆಗಲೇ ಸೋತ ನಾಯಿಗೂ ಮನಬಂದಷ್ಟು ಮೀನು ಹಾಕಬಹುದೆಂದಲ್ಲ. ಅಂಥ ನಾಯಿಯಲ್ಲಿ ಮೊದಲು ತಡೆಯಬೇಕಾದದ್ದು ರಂಜಕವನ್ನು, ಮತ್ತು ರಂಜಕ ತುಂಬಿರುವುದು ನಾವು ಧಾರಾಳವಾಗಿ ಹಾಕುವ ಮೀನಿನ ತಲೆ, ಮುಳ್ಳು ಮತ್ತು ಕೋಳಿಯ ಎಲುಬುಗಳಲ್ಲಿ. ಕಿಡ್ನಿ ಸೋತಿದೆಯೋ ಇಲ್ಲವೋ ಎಂಬುದು ನರೆತ ಮೂತಿಯಿಂದ ತಿಳಿಯದು, ರಕ್ತ ಮತ್ತು ಮೂತ್ರ ಪರೀಕ್ಷೆಯಿಂದ ತಿಳಿಯುತ್ತದೆ. ಉಣ್ಣಿ ಕಡಿತದಿಂದ ಬರುವ ಜ್ವರ ಆಗಾಗ ಕಾಡುವ ಕರಾವಳಿಯಲ್ಲಿ ಈ ಪರೀಕ್ಷೆಗೆ ಇನ್ನಷ್ಟು ಕಾರಣವಿದೆ, ಹಳೆಯದಾಗಿ ಉಳಿದುಹೋದ ಆ ಸೋಂಕು ಕಿಡ್ನಿಯನ್ನೂ ಹಾಳುಮಾಡಬಲ್ಲದು. ಹೊಸ ಆಹಾರಕ್ಕೆ ಹಣ ಸುರಿಯುವ ಮೊದಲು ಒಂದು ಪರೀಕ್ಷೆಗೆ ಖರ್ಚು ಮಾಡುವುದು ಎಷ್ಟೋ ಮೇಲು.

ಇನ್ನು ಪ್ಯಾಕೆಟ್. ‘ಸೀನಿಯರ್’ ಎಂಬ ಪದಕ್ಕೆ ಒಂದು ನಿರ್ದಿಷ್ಟ ಅರ್ಥವಿದೆ ಎಂದು ಕೊಳ್ಳುವವರು ನಂಬುತ್ತಾರೆ. ಆಫ್ಕೋ ಗುರುತಿಸುವ ಪೋಷಣೆಯ ಮಾದರಿಗಳು ಎರಡೇ: ಒಂದು ಬೆಳವಣಿಗೆ ಮತ್ತು ಬಸಿರಿಗೆ, ಇನ್ನೊಂದು ವಯಸ್ಕ ನಾಯಿಗೆ. ಮುಪ್ಪಿಗೆಂದು ಬೇರೆಯದಿಲ್ಲ. ಟಫ್ಟ್ಸ್ ವಿಶ್ವವಿದ್ಯಾಲಯದ ತಂಡವೊಂದು 2011ರಲ್ಲಿ ಈ ಬಗೆಯ ಆಹಾರಗಳನ್ನು ಹೋಲಿಸಿದಾಗ ಒಂದರಲ್ಲಿದ್ದ ಪ್ರೋಟೀನ್ ಇನ್ನೊಂದರ ಎರಡು ಪಟ್ಟಿಗೂ ಹೆಚ್ಚಿತ್ತು. ಕ್ಯಾಲೊರಿಯಲ್ಲೂ ಗಣನೀಯ ಅಂತರವಿತ್ತು. ಹಾಗಾಗಿ ಒಂದೇ ಹೆಸರಿನ ಎರಡು ಚೀಲಗಳಲ್ಲಿ ಒಂದು ಬಡಕಲಾಗುತ್ತಿರುವ ನಾಯಿಗೆ ಸರಿಹೊಂದಬಹುದು, ಇನ್ನೊಂದು ಅದನ್ನು ಇನ್ನಷ್ಟು ಬಡಕಲು ಮಾಡಬಹುದು. ಮುಂಭಾಗದ ಹೆಸರನ್ನು ಬಿಟ್ಟು ಹಿಂಭಾಗದ ಅಂಕಿಗಳನ್ನು ಓದಬೇಕು. ಮಂಗಳೂರಿಗೆ ಇನ್ನೊಂದು ಎಚ್ಚರಿಕೆ ಸೇರಿಸಬೇಕು. ಇಲ್ಲಿನ ಸೆಕೆ ಮತ್ತು ತೇವದಲ್ಲಿ ಬಾಯಿ ಬಿಚ್ಚಿದ ಚೀಲದ ಕೊಬ್ಬು ಬೇಗ ಹಳಸುತ್ತದೆ, ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ದೊಡ್ಡ ಚೀಲದಿಂದ ತೂಗಿ ಬಿಡಿಯಾಗಿ ಮಾರುವುದನ್ನು ಅಗ್ಗವೆಂದು ತರುವುದನ್ನು ನಾನು ಒಪ್ಪಲಾರೆ.

ಆದರೂ ಪ್ಯಾಕೆಟ್ಟಿನ ಪರವಾಗಿ ಬಲವಾದ ಒಂದು ಮಾತಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಕ್ಯಾಲಿಫೋರ್ನಿಯಾದ ಡೇವಿಸ್‌ನ ಸಂಶೋಧಕರು 2013ರಲ್ಲಿ ಮನೆಯಲ್ಲಿ ಮಾಡುವ ನಾಯಿ ಊಟದ 200 ವಿಧಾನಗಳನ್ನು ಪರಿಶೀಲಿಸಿದರು. ಅವುಗಳಲ್ಲಿ 190ರಲ್ಲಿ ಒಂದಾದರೂ ಅಗತ್ಯ ಪೋಷಕಾಂಶದ ಕೊರತೆಯಿತ್ತು. ನಮ್ಮ ಅನ್ನ-ಮೀನಿಗೂ ಈ ಮಾತು ಅನ್ವಯಿಸುತ್ತದೆ. ಮುಳ್ಳು ತೆಗೆದ ಮೀನಿನಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ. ನುಣ್ಣಗೆ ಪುಡಿ ಮಾಡಿದ ಮೊಟ್ಟೆ ಚಿಪ್ಪು ಅರ್ಧ ಟೀ ಚಮಚ ಹಾಕಿದರೆ ಮೇಲೆ ಹೇಳಿದ ಗಾತ್ರದ ನಾಯಿಗೆ ಅದು ತುಂಬಿಬರುತ್ತದೆ. ಸತು, ವಿಟಮಿನ್ ಇ ಮುಂತಾದವಕ್ಕೆ ವೈದ್ಯರು ಹೇಳುವ ಪೂರಕ ಬೇಕೇ ಬೇಕು. ಅದನ್ನು ನಿತ್ಯ ಪಾಲಿಸಲಾಗದವರು ಒಂದು ಹೊತ್ತು ಒಳ್ಳೆಯ ಪ್ಯಾಕೆಟ್ ಆಹಾರ, ಇನ್ನೊಂದು ಹೊತ್ತು ಅನ್ನ-ಮೀನು ಕೊಡುವುದು ನ್ಯಾಯವಾದ ದಾರಿ. ಮನೆಮಂದಿಯ ಗಸಿ, ಪುಳಿಮುಂಚಿಯ ಉಳಿಕೆ ಮಾತ್ರ ಕೂಡದು, ಅವುಗಳಲ್ಲಿರುವ ಈರುಳ್ಳಿ-ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆ ನಿಂತು ಮೀನಿನ ಬೆಲೆ ಏರಿದಾಗ ಉಪ್ಪು ತುಂಬಿದ ಒಣಮೀನಿಗೆ ಕೈಹಾಕದೆ ಬೇಯಿಸಿದ ಮೊಟ್ಟೆ, ಕೋಳಿಮಾಂಸ ಕೊಡಬಹುದು. ನಾಯಿ ಮಾಂಸಾಹಾರಿ, ಅನ್ನವೇ ಬೇಡ ಎಂಬ ಇತ್ತೀಚಿನ ವಾದಕ್ಕೂ ಆಧಾರ ಸಾಲದು. ಪಿಷ್ಟವನ್ನು ಜೀರ್ಣಿಸುವ ಶಕ್ತಿ ತೋಳಕ್ಕಿಂತ ನಾಯಿಗೆ ಹೆಚ್ಚೆಂದು 2013ರ ವಂಶವಾಹಿ ಅಧ್ಯಯನ ತೋರಿಸಿದೆ. ಅನ್ನ ಇರಲಿ, ಅಳತೆಯಲ್ಲಿರಲಿ. ಒಟ್ಟು ಪ್ರಮಾಣದ ಮಾತೂ ಹಾಗೆಯೇ: 48 ಲ್ಯಾಬ್ರಡಾರ್‌ಗಳನ್ನು ಜೀವಮಾನವಿಡೀ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲುಭಾಗ ಕಡಿಮೆ ತಿಂದವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು.

ಇಷ್ಟೆಲ್ಲ ಲೆಕ್ಕವನ್ನು ಪ್ರತಿ ಮನೆಯೂ ತಾನೇ ಹಾಕಬೇಕೆಂದು ಹೇಳುವುದು ಸರಿಯಲ್ಲ. 1969ರಲ್ಲಿ ಆರಂಭವಾದ ಮೀನುಗಾರಿಕಾ ಮಹಾವಿದ್ಯಾಲಯ ಇದೇ ಊರಿನಲ್ಲಿದೆ. ರಾಜ್ಯದ ಪಶುವೈದ್ಯಕೀಯ ಕಾಲೇಜುಗಳ ಹಾಗೆ ಅದೂ ಬೀದರಿನ ವಿಶ್ವವಿದ್ಯಾಲಯಕ್ಕೇ ಸೇರಿದೆ. ಮೀನಿನ ಪೋಷಕಾಂಶ ಬಲ್ಲವರೂ ನಾಯಿಯ ಕಾಯಿಲೆ ಬಲ್ಲವರೂ ಒಂದೇ ಸಂಸ್ಥೆಯಲ್ಲಿದ್ದಾರೆ. ಅವರು ಒಟ್ಟಿಗೆ ಕುಳಿತು ಬೂತಾಯಿ, ಬಂಗುಡೆ, ಕುಚ್ಚಲಕ್ಕಿಯ ಅಳತೆಯನ್ನು ತೂಕಕ್ಕೆ ತಕ್ಕಂತೆ, ಕಿಡ್ನಿ ಸರಿಯಿರುವ ಮತ್ತು ಸೋತ ನಾಯಿಗಳಿಗೆ ಬೇರೆಬೇರೆಯಾಗಿ, ಒಂದು ಹಾಳೆಯಲ್ಲಿ ಕನ್ನಡದಲ್ಲಿಯೂ ತುಳುವಿನಲ್ಲಿಯೂ ಅಚ್ಚು ಹಾಕಿಸಿ ಪಶು ಆಸ್ಪತ್ರೆಗಳಲ್ಲಿ ಹಂಚಲಿ.