ವಾಲ್‌ಸ್ಟ್ರೀಟ್‌ಬೆಟ್ಸ್: ಕಟ್ಟಿದವರಿಗೆ ದಕ್ಕದ ಹೆಸರು

ಷೇರುಪೇಟೆಯಲ್ಲಿ ಭಾರೀ ಅಪಾಯಕ್ಕೆ ಕೈಹಾಕುವವರು ಹರಟಲೆಂದು ಜೈಮ್ ರೊಗೊಜಿನ್ಸ್ಕಿ 2012ರಲ್ಲಿ ರೆಡಿಟ್ ಎಂಬ ಚರ್ಚಾ ತಾಣದಲ್ಲಿ ತೆರೆದ ಗುಂಪು ‘ವಾಲ್‌ಸ್ಟ್ರೀಟ್‌ಬೆಟ್ಸ್’. ಎಂಟು ವರ್ಷಗಳಲ್ಲಿ ಹತ್ತು ಲಕ್ಷ ಮಂದಿ ಅಲ್ಲಿ ಸೇರಿದರು. 2020ರ ಮಾರ್ಚ್‌ನಲ್ಲಿ ರೊಗೊಜಿನ್ಸ್ಕಿ ಆ ಹೆಸರಿನ ಟ್ರೇಡ್‌ಮಾರ್ಕ್‌ಗೆ ಅರ್ಜಿ ಹಾಕಿದರು. ಮರುತಿಂಗಳೇ ರೆಡಿಟ್ ಅವರನ್ನು ಗುಂಪು ನಡೆಸುವ ಮಾಡರೇಟರ್ ಸ್ಥಾನದಿಂದ ಕಿತ್ತುಹಾಕಿತು. ಗುಂಪಿನಿಂದ ಹಣ ಮಾಡಲು ಹೊರಟದ್ದೇ ಕಾರಣ ಎಂದಿತು ಕಂಪನಿ. ಅದು ಬರೀ ನೆಪ ಎಂದರು ರೊಗೊಜಿನ್ಸ್ಕಿ.

2021ರ ಜನವರಿಯಲ್ಲಿ ಇದೇ ಗುಂಪಿನ ಉತ್ಸಾಹದಿಂದ ಗೇಮ್‌ಸ್ಟಾಪ್ ಕಂಪನಿಯ ಷೇರು 20 ಡಾಲರ್ ಆಸುಪಾಸಿನಿಂದ 480 ದಾಟಿತು. ಹೆಸರಿನ ಬೆಲೆ ಎಷ್ಟೆಂದು ಆಗ ಎಲ್ಲರಿಗೂ ಗೊತ್ತಾಯಿತು.

ಆ ಹೆಸರಿನ ಒಡೆತನಕ್ಕಾಗಿ ರೊಗೊಜಿನ್ಸ್ಕಿ 2023ರಲ್ಲಿ ರೆಡಿಟ್ ವಿರುದ್ಧ ಹೂಡಿದ ದಾವೆಯನ್ನು ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟು ಅದೇ ವರ್ಷ ತಳ್ಳಿಹಾಕಿತು. 2025ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಆ ತೀರ್ಪನ್ನೇ ಎತ್ತಿಹಿಡಿಯಿತು. ಹೆಸರು ಹೊಳೆದ ಮಾತ್ರಕ್ಕೆ ಒಡೆತನ ಬರದು, ಆ ಹೆಸರಿನಲ್ಲಿ ವ್ಯವಹಾರ ನಡೆಸಿದವರು ಯಾರೆಂಬುದು ಮುಖ್ಯ ಎಂಬುದು ತೀರ್ಪಿನ ಸಾರ. ಟ್ರೇಡ್‌ಮಾರ್ಕ್ ಕಾನೂನು ಇರುವುದೇ ಹಾಗೆ, ತರ್ಕದಲ್ಲಿ ತಪ್ಪಿಲ್ಲ.

ತಪ್ಪಿರುವುದು ರೆಡಿಟ್‌ನ ನಡೆಯಲ್ಲಿ. ಇಲ್ಲಿನ ಮಾಡರೇಟರುಗಳು ಸಂಬಳವಿಲ್ಲದೆ ದುಡಿಯುತ್ತಾರೆ. ಗುಂಪು ‘ನಿಮ್ಮದು’ ಎಂಬ ಭಾವನೆಯೇ ಅವರನ್ನು ವರ್ಷಗಟ್ಟಲೆ ಹಿಡಿದಿಡುತ್ತದೆ. ಆದರೆ 2023ರ ಜೂನ್‌ನಲ್ಲಿ ಹೊರಗಿನ ಆ್ಯಪ್‌ಗಳ ಮೇಲಿನ ಹೊಸ ಶುಲ್ಕ ವಿರೋಧಿಸಿ ಸಾವಿರಾರು ಗುಂಪುಗಳು ಬಾಗಿಲು ಮುಚ್ಚಿದಾಗ, ತೆರೆಯದಿದ್ದರೆ ನಿಮ್ಮ ಜಾಗಕ್ಕೆ ಬೇರೆಯವರು ಬರುತ್ತಾರೆ ಎಂಬ ಎಚ್ಚರಿಕೆ ಬಂತು. 2024ರಲ್ಲಿ ಷೇರು ಮಾರಲು ಹೊರಟ ರೆಡಿಟ್, ವಾಲ್‌ಸ್ಟ್ರೀಟ್‌ಬೆಟ್ಸ್‌ನ ಜನಪ್ರಿಯತೆಯಿಂದ ತನ್ನ ಷೇರು ಬೆಲೆ ವಿಪರೀತ ಏರಿಳಿಯಬಹುದೆಂದು ಹೂಡಿಕೆದಾರರಿಗೆ ಬರೆದುಕೊಟ್ಟಿತು. ದುಡಿಮೆಯ ಹೊತ್ತಿಗೆ ನಿಮ್ಮದು, ಬೆಲೆ ಬಂದಾಗ ನಮ್ಮದು ಎಂಬ ಈ ನಡೆ ಅನ್ಯಾಯದ್ದು.

ಹಾಗೆಂದು ರೊಗೊಜಿನ್ಸ್ಕಿಯವರ ಬೇಡಿಕೆಯನ್ನು ಪೂರ್ತಿ ಒಪ್ಪಲಾಗದು. ಅದೇ ಹೆಸರಿನ ಪುಸ್ತಕ, ಟ್ರೇಡಿಂಗ್ ಸ್ಪರ್ಧೆಯ ಯೋಜನೆ ಕಂಡು ಜೊತೆಗಿದ್ದ ಮಾಡರೇಟರುಗಳೇ ತಿರುಗಿಬಿದ್ದಿದ್ದರು. ನಿತ್ಯ ಬರೆದು ಆ ಹೆಸರಿಗೆ ಜೀವ ತುಂಬಿದ ಲಕ್ಷಾಂತರ ಸದಸ್ಯರಂತೂ ಈ ದಾವೆಯಲ್ಲಿ ಎಲ್ಲೂ ಇಲ್ಲ.

ಇದೇ ಬಗೆಯ ಜಗಳ 2021ರಲ್ಲಿ ಫ್ರೀನೋಡ್ ಎಂಬ ಚಾಟ್ ಜಾಲದಲ್ಲೂ ಆಯಿತು. ಒಡೆತನದ ವಿವಾದದಲ್ಲಿ ಸ್ವಯಂಸೇವಕ ಸಿಬ್ಬಂದಿ ಒಟ್ಟಾಗಿ ಹೊರನಡೆದು ‘ಲಿಬೇರಾ ಚಾಟ್’ ಕಟ್ಟಿದರು. ವಿಕಿಮೀಡಿಯ, ಉಬುಂಟು ಸಮುದಾಯಗಳೂ ಅವರ ಹಿಂದೆ ಹೋದವು. ಹಳೆಯ ಹೆಸರು ಮಾಲೀಕರ ಬಳಿಯೇ ಉಳಿಯಿತು. ರೆಡಿಟ್‌ನಲ್ಲಿ ಅಂಥ ವಲಸೆ ಸುಲಭವಲ್ಲ: ಹಳೆಯ ಚರ್ಚೆಗಳು, ಸದಸ್ಯರ ಪಟ್ಟಿ, ಹುಡುಕಿ ಬರುವ ದಾರಿ, ಎಲ್ಲವೂ ಕಂಪನಿಯ ಹಿಡಿತದಲ್ಲಿವೆ. ಗುಂಪು ತೆರೆಯುವ ದಿನವೇ ಹೆಸರು ಯಾರದ್ದು, ಬಿಟ್ಟುಹೋಗುವವರು ಏನನ್ನು ಕೊಂಡೊಯ್ಯಬಹುದು ಎಂಬುದನ್ನು ಕಂಪನಿ ನೇರ ಮಾತಿನಲ್ಲಿ ಹೇಳಬೇಕು.