ಮಾರುವ ಸ್ವಾತಂತ್ರ್ಯ, ಅಳೆಯುವ ಅಧಿಕಾರ

ಕಾಫಿ ಮಂಡಳಿಯ ಪೂಲ್ ಪದ್ಧತಿ ಕೆಲವು ಬೆಳೆಗಾರರಿಗೆ ಸಂಕೋಲೆಯಾಗಿ ನೆನಪಿದೆ, ಕೆಲವರಿಗೆ ಆಸರೆಯಾಗಿ. ಎರಡೂ ನಿಜ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಪೇಟೆ ಕೈತಪ್ಪಿದಾಗ ತೋಟಗಳನ್ನು ಉಳಿಸಲು ಹುಟ್ಟಿದ ವ್ಯವಸ್ಥೆ ಅದು. 1942ರ ಕಾಯ್ದೆ ಅದನ್ನು ಗಟ್ಟಿಗೊಳಿಸಿತು. ಮನೆಬಳಕೆಗೂ ಬಿತ್ತನೆಗೂ ಇಟ್ಟುಕೊಂಡು ಉಳಿದದ್ದನ್ನೆಲ್ಲ ಮಂಡಳಿಗೇ ಒಪ್ಪಿಸಬೇಕಿತ್ತು. ಹಣ ಕಂತುಕಂತಾಗಿ ಬರುತ್ತಿತ್ತು. ಯುದ್ಧ ಮುಗಿದು ದಶಕಗಳು ಕಳೆದರೂ ಬೆಳೆದವನಿಗೆ ತನ್ನ ಬೆಳೆಯನ್ನು ಮಾರುವ ಹಕ್ಕಿಲ್ಲದ್ದು ಅನ್ಯಾಯವೇ. 1989ರಲ್ಲಿ ಕಾಫಿ ರಫ್ತಿನ ಅಂತರರಾಷ್ಟ್ರೀಯ ಕೋಟಾ ಮುರಿದುಬಿತ್ತು. 1991ರಲ್ಲಿ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟವೇ ಒಡೆಯಿತು. 1992ರಿಂದ ಹಿಡಿತ ಸಡಿಲಿಸುತ್ತ ಬಂದ ಸರ್ಕಾರ 1996ರಲ್ಲಿ ಪೇಟೆಯನ್ನು ಪೂರ್ತಿ ತೆರೆಯಿತು. ಆ ನಿರ್ಧಾರ ಸರಿಯಾಗಿಯೇ ಇತ್ತು.

ಆದರೆ ಬಾಗಿಲು ತೆರೆಯುವ ಭರದಲ್ಲಿ ಒಂದು ಒಳ್ಳೆಯ ಸಂಗತಿಯೂ ಹೊರಟುಹೋಯಿತು. ಪೂಲ್ ಕಾಲದಲ್ಲಿ ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ಹೋಗಿ, ಅಲ್ಲಿ ಸಿಪ್ಪೆ ತೆಗೆದು, ದರ್ಜೆ ವಿಂಗಡಿಸಿದ ಮೇಲೆ ಬೆಳೆಗಾರನ ಲೆಕ್ಕ ತೀರ್ಮಾನವಾಗುತ್ತಿತ್ತು. ಇಂದು ದೇಶದ ಕಾಫಿ ಹಿಡುವಳಿಗಳಲ್ಲಿ ಶೇ. 98ಕ್ಕೂ ಹೆಚ್ಚು ಸಣ್ಣ ಬೆಳೆಗಾರರದು. ಅವರಲ್ಲಿ ಬಹಳಷ್ಟು ಮಂದಿ ಒಣಗಿಸಿದ ಚೆರಿಯನ್ನು, ಅಂದರೆ ಸಿಪ್ಪೆ ತೆಗೆಯದ ಹಣ್ಣನ್ನು, ಊರ ವ್ಯಾಪಾರಿಗೇ ಕೊಡುತ್ತಾರೆ. ಹಣ ಬೇಗ ಕೈಸೇರುತ್ತದೆ; ಕೂಲಿ, ಗೊಬ್ಬರದ ಬಾಕಿಗೆ ಅದು ಬೇಕೇ ಬೇಕು.

ಬೆಲೆಯನ್ನು ಲಂಡನ್, ನ್ಯೂಯಾರ್ಕ್ ಪೇಟೆಗಳು ಹೇಳುತ್ತವೆ, ಅದು ಮೊಬೈಲಿನಲ್ಲೇ ಕಾಣುತ್ತದೆ. ಕಾಣದಿರುವುದು ಔಟ್‌ಟರ್ನ್: 50 ಕಿಲೋ ಚೀಲದ ಚೆರಿಯಲ್ಲಿ ಎಷ್ಟು ಕಿಲೋ ಬೀಜ ಇಳಿಯುತ್ತದೆ ಎಂಬ ಲೆಕ್ಕ. ಸ್ಯಾಂಪಲ್ ತೆಗೆಯುವುದು, ತೇವಾಂಶ ನೋಡುವುದು, ಔಟ್‌ಟರ್ನ್ ಹೇಳುವುದು ಎಲ್ಲವೂ ಕೊಳ್ಳುವವನದೇ. 28 ಬರಬೇಕಾದಲ್ಲಿ 26 ಎಂದರೆ, ನೂರು ಚೀಲಕ್ಕೆ 200 ಕಿಲೋ ಬೀಜದ ಹಣ ಕೈಬಿಟ್ಟಂತೆ. ಪ್ರಾಮಾಣಿಕ ವ್ಯಾಪಾರಿಗಳು ಇದ್ದಾರೆ. ಆದರೂ ಕೊಳ್ಳುವವನೇ ಅಳೆಯುವ ಕಡೆ ಪೈಪೋಟಿ ದರದ ಫಲಕದಲ್ಲಷ್ಟೇ ಉಳಿಯುತ್ತದೆ. ಒಬ್ಬ ಹೆಚ್ಚು ದರ ಕೂಗಿ ಔಟ್‌ಟರ್ನ್ ಇಳಿಸಿದರೆ, ಕಡಿಮೆ ದರ ಹೇಳಿ ಸರಿಯಾಗಿ ಅಳೆಯುವವನಿಗೆ ಗಿರಾಕಿ ತಪ್ಪುತ್ತಾನೆ.

ಪೂಲ್ ಮರಳಿ ಬರುವುದು ಬೇಡ. ಕೊಡಗು, ಚಿಕ್ಕಮಗಳೂರು, ಹಾಸನದ ಹೋಬಳಿಗಳಲ್ಲಿ ಕೊಳ್ಳುವವನಿಗೂ ಮಾರುವವನಿಗೂ ಸೇರದ ಪರೀಕ್ಷಾ ಕೇಂದ್ರ ಬೇಕು. ಅಲ್ಲಿ ಪಡೆದ ಔಟ್‌ಟರ್ನ್ ಚೀಟಿಯನ್ನು ಕೈಯಲ್ಲಿ ಹಿಡಿದು ನಾಲ್ಕು ಅಂಗಡಿ ಹತ್ತುವ ಬೆಳೆಗಾರನಿಗೆ ಮಾತ್ರ 1996ರ ಸ್ವಾತಂತ್ರ್ಯ ಪೂರ್ತಿ ದಕ್ಕುತ್ತದೆ.